ಆರು ತಿಂಗಳ ಅಧ್ಯಕ್ಷತೆಯಲ್ಲಿ ಒಂದು ದೇಶ ಏನು ಮಾಡಬಹುದು?

ಮೈಸೂರಿನಲ್ಲಿ ಕೆಎಎಸ್‌ಗೆ ಓದುತ್ತಿರುವ ನೀವು ಕೇಳಿದ್ದು ಇಷ್ಟು: ಕೌನ್ಸಿಲ್ ಆಫ್ ಯುರೋಪ್‌ನ ಅಧ್ಯಕ್ಷತೆ ಸಿಕ್ಕ ದೇಶಗಳು ‘ನಮ್ಮ ಆದ್ಯತೆಗಳು’ ಅಂತ ಪಟ್ಟಿ ಕೊಡುತ್ತವೆ, ಅದರಿಂದ ನಿಜವಾಗಿ ಏನಾದರೂ ಆಗುತ್ತದಾ?

ಆಗುತ್ತದೆ, ಆದರೆ ನಿಧಾನವಾಗಿ. ಇದು ಯುರೋಪಿಯನ್ ಯೂನಿಯನ್ ಅಲ್ಲ, ಮಾನವ ಹಕ್ಕುಗಳನ್ನು ಕಾಯುವ, 46 ದೇಶಗಳ ಬೇರೆಯೇ ಸಂಸ್ಥೆ. 1949ರಲ್ಲಿ ಶುರುವಾಯಿತು, ಕಚೇರಿ ಸ್ಟ್ರಾಸ್‌ಬರ್ಗ್‌ನಲ್ಲಿದೆ. ಇದರ ಮಂತ್ರಿಗಳ ಸಮಿತಿಯ (ಸದಸ್ಯ ದೇಶಗಳ ವಿದೇಶಾಂಗ ಮಂತ್ರಿಗಳ ಕೂಟ) ಅಧ್ಯಕ್ಷತೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಆರು ತಿಂಗಳಿಗೊಮ್ಮೆ ಬದಲಾಗುತ್ತದೆ.

ಮಂಡ್ಯ ಕಡೆಯ ಹಾಲಿನ ಸಂಘದ ಅಧ್ಯಕ್ಷರನ್ನು ನೆನೆಸಿಕೊಳ್ಳಿ. ಸಭೆಯಲ್ಲಿ ಯಾವ ವಿಷಯ ಮೊದಲು ಬರಬೇಕು ಅಂತ ಹೇಳಬಹುದು, ಒಬ್ಬರೇ ತೀರ್ಮಾನ ಮಾಡೋ ಹಾಗಿಲ್ಲ ಅಲ್ವಾ? ಇಲ್ಲೂ ಹಾಗೇ.

2011ರ ನವೆಂಬರ್‌ನಲ್ಲಿ ಬ್ರಿಟನ್ ಸರದಿ ಬಂತು. ಆಗ ಇದೇ ಸಂಸ್ಥೆಯ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ಒಂದೂವರೆ ಲಕ್ಷದಷ್ಟು ಅರ್ಜಿಗಳು ಬಾಕಿ ಇದ್ದವು. ನ್ಯಾಯಾಲಯದ ಸುಧಾರಣೆಯೇ ಮುಖ್ಯ ಅಂತ ಬ್ರಿಟನ್ ಪಟ್ಟು ಹಿಡಿಯಿತು. 2012ರ ಏಪ್ರಿಲ್‌ನಲ್ಲಿ, ಈ ಸುಧಾರಣೆಗೆ ಸದಸ್ಯ ದೇಶಗಳು ಒಪ್ಪಿದ ಬ್ರೈಟನ್ ಘೋಷಣೆ ಬಂತು. ಅದರಿಂದ ಹುಟ್ಟಿದ 15ನೇ ಪ್ರೋಟೋಕಾಲ್ (ಯುರೋಪಿನ ಮಾನವ ಹಕ್ಕುಗಳ ಒಪ್ಪಂದಕ್ಕೆ ತಂದ ತಿದ್ದುಪಡಿ) ಜಾರಿಯಾಗಿದ್ದು 2021ರ ಆಗಸ್ಟ್‌ನಲ್ಲಿ! ದೇಶದೊಳಗಿನ ಕೊನೆಯ ತೀರ್ಪಿನ ನಂತರ ಅರ್ಜಿ ಹಾಕಲು ಇದ್ದ ಆರು ತಿಂಗಳನ್ನು ಅದು ನಾಲ್ಕಕ್ಕೆ ಇಳಿಸಿತು. ಇದು ನನಗೆ ಸರಿ ಕಾಣುವುದಿಲ್ಲ. ವಕೀಲರಿಗೆ ದುಡ್ಡು ಹೊಂದಿಸಬೇಕಾದ ಬಡವರಿಗೆ ಎರಡು ತಿಂಗಳು ಬಹಳ ದೊಡ್ಡದು.

ಐಸ್‌ಲ್ಯಾಂಡ್ ಸರದಿಯಲ್ಲಿ ಮಾತ್ರ ಬೇಗ ಫಲ ಸಿಕ್ಕಿತು. 2023ರ ಮೇನಲ್ಲಿ ಅದರ ರಾಜಧಾನಿ ರೇಕ್ಯಾವಿಕ್‌ನಲ್ಲಿ ಶೃಂಗಸಭೆ ನಡೆದು, ಉಕ್ರೇನ್‌ಗೆ ಆದ ಯುದ್ಧಹಾನಿ ದಾಖಲಿಸುವ ವ್ಯವಸ್ಥೆ ಅಲ್ಲೇ ಶುರುವಾಯಿತು.