ಹಳೇ ಎಂಟಿಬಿಗೆ 4 ಇಂಚಿನ ಟೈರ್ ಹಿಡಿಸುತ್ತಾ?

ಹಳೇ ಎಂಟಿಬಿ (ಮೌಂಟನ್ ಬೈಕ್, ಅಂದರೆ ಗುಡ್ಡಗಾಡಿನ ಸೈಕಲ್) ಫ್ರೇಮಿಗೆ 4 ಇಂಚು ಅಗಲದ ಟೈರ್ ಹಾಕಿ, ಜನವರಿಯಲ್ಲಿ ಹಿಮಾಚಲದ ಸ್ಪಿತಿಯ ಹಿಮದಲ್ಲಿ ಓಡಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಆ ಫ್ರೇಮ್ ಬಿಟ್ಟುಬಿಡಿ. ನಾನೂ ಪೀಣ್ಯದಲ್ಲಿ ವೆಲ್ಡಿಂಗ್ ಮಾಡಿಸಿ ನೋಡಿದೆ. ಹಿಂದಿನ ಚಕ್ರ ಹೇಗೋ ಕೂತಿತು. ಆದರೆ ಏರಿನ ಗೇರಿಗೆ ಹಾಕಿದ ತಕ್ಷಣ ಚೈನು ಟೈರಿಗೆ ಉಜ್ಜಿ, ಕಪ್ಪು ರಬ್ಬರ್ ಪುಡಿ ಉದುರತೊಡಗಿತು. ಪೆಡಲ್ ಅಚ್ಚು ಕೂರುವ ಕೊಳವೆ ನಮ್ಮ ಎಂಟಿಬಿಗಳಲ್ಲಿ 68 ಅಥವಾ 73 ಮಿ.ಮೀ. ಅಗಲ, ಇಂಥ ದಪ್ಪ ಟೈರಿಗೆಂದೇ ಮಾಡಿದ ಫ್ಯಾಟ್‌ಬೈಕಿನಲ್ಲಿ ಸಾಮಾನ್ಯವಾಗಿ 100. ಕೊಳವೆ ಕಿರಿದಾದರೆ ಚೈನು ಟೈರಿಗೆ ತೀರಾ ಹತ್ತಿರ ಬರುತ್ತೆ, ಅಲ್ಲೇ ಇರೋದು ತೊಂದರೆ. ಫ್ಯಾಟ್‌ಬೈಕ್ ಫ್ರೇಮೇ ಹುಡುಕಿ, ಉಳಿದದ್ದನ್ನು ಮನೇಲಿ ಜೋಡಿಸಿ.

ಗಾಳಿಯ ವಿಷಯ ಮರೀಬೇಡಿ. ಮೆತ್ತನೆ ಹಿಮಕ್ಕೆ 5 ಪಿಎಸ್‌ಐ ಆಸುಪಾಸು ಸಾಕು, ಹೆಬ್ಬೆರಳು ಒತ್ತಿದರೆ ಟೈರ್ ಸುಲಭವಾಗಿ ತಗ್ಗಬೇಕು. ಅದೇ ಗಾಳೀಲಿ ಬೆಂಗಳೂರಿನ ಟಾರು ರಸ್ತೆ ತುಳಿದರೆ ಕಾಲು ಸೋಲುತ್ತೆ, ಇಲ್ಲಿ ಜಾಸ್ತಿ ತುಂಬಿಸಿ.