ಆರ್‌ಸಿಸಿಬಿ ತೆಗೆಸಬೇಡಿ ಸರ್, ಮೊದಲು ನ್ಯೂಟ್ರಲ್ ಬೇರೆ ಮಾಡಿಸಿ

ಸರ್, ಗೋಡೆ ಮುಚ್ಚಿ ಪ್ಲಾಸ್ಟರ್ ಮಾಡಿಸುವ ಮುಂಚೆ ಇದನ್ನು ಓದಿ. ಹಾಸನದ ನಿಮ್ಮ 1989ರ ಮನೆ, 12 ಚದರ, ಹಳೇ ಅಲ್ಯೂಮಿನಿಯಂ ವೈರ್ ಎಲ್ಲ ಕಿತ್ತು ಹೊಸದು ಎಳೆಸುತ್ತಿದ್ದೀರಿ. ಕೆಳಗಿನ ಮನೆಗೆ ಸಪ್ಲೈ ಕೊಟ್ಟ ದಿನದಿಂದ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಬೀಳುತ್ತಲೇ ಇದೆ, ಅಂದರೆ ಟ್ರಿಪ್ ಆಗುತ್ತಲೇ ಇದೆ ಅಂತ ಪೋಸ್ಟ್ ಹಾಕಿದ್ದೀರಿ. "ಅರ್ತಿಂಗ್ ಚೆನ್ನಾಗಿದೆಯಲ್ಲ, ಇದು ಬೇಡವೇ ಬೇಡ, ತೆಗೆದು ಡೈರೆಕ್ಟ್ ಕೊಡೋಣ" ಅಂತ ಎಲೆಕ್ಟ್ರಿಷಿಯನ್ ಹೇಳಿದ್ದಾರೆ, ನೀವೂ ಒಪ್ಪಿದ್ದೀರಿ. ಅದರ ಕಾಮೆಂಟಿನಲ್ಲಿ ನಾಲ್ಕು ಜನ "ನಮ್ಮಲ್ಲೂ ತೆಗೆಸಿದ್ದೇವೆ, ಏನೂ ಆಗಿಲ್ಲ" ಅಂತ ಹಾಕಿದ್ದಾರೆ. 2016ರಲ್ಲಿ ನಾನೂ ತೆಗೆಸಿದ್ದೆ. ನಮ್ಮಲ್ಲಿ ಆಯಿತು.

ಸಾಗರದ ಹತ್ತಿರ ನಮ್ಮ ಮನೆ. ಮುಂದಿನ ಭಾಗ ಹೆಂಚು, ಹಿಂದೆ ಆರ್‌ಸಿಸಿ ತಾರಸಿ. ಪೂರ್ತಿ ರೀವೈರಿಂಗ್ ಮಾಡಿಸಿದ ಮೂರನೇ ದಿನಕ್ಕೆ ನಿಮ್ಮದೇ ಕಥೆ ಶುರುವಾಯಿತು. ಕರೆಂಟ್ ಹೋಗಿ ಬಂದರೆ ಸಾಕು, ಆರ್‌ಸಿಸಿಬಿ ಬೀಳುತ್ತಿತ್ತು. ರಾತ್ರಿ ಎದ್ದು ಎದ್ದು ಎತ್ತಿ ಸಾಕಾಗಿ ಹೋಯಿತು. ಕೊನೆಗೆ ಎರಡು ವೈರ್ ತುಂಡು ಹಾಕಿ ಬೈಪಾಸ್ ಮಾಡಿಸಿದೆ. ಏಳು ತಿಂಗಳು ಆರಾಮಾಗಿ ಇದ್ದೆವು. ಜುಲೈ ಮಳೆಯಲ್ಲಿ ಒಂದು ಬೆಳಿಗ್ಗೆ ಅಮ್ಮ ಬಚ್ಚಲುಮನೆಯಲ್ಲಿ ನಲ್ಲಿ ಮುಟ್ಟಿದ್ದೇ ತಡ, ಶಾಕ್ ಹೊಡೆದು ಹಿಂದಕ್ಕೆ ಬಿದ್ದರು. ಗೀಸರ್ ಎಲಿಮೆಂಟ್ ಲೀಕ್ ಆಗಿತ್ತು. ಎಂಸಿಬಿ (ಓವರ್‌ಲೋಡ್, ಶಾರ್ಟ್ ಆದರೆ ಬೀಳುವ ಸ್ವಿಚ್) ಬೀಳಲೇ ಇಲ್ಲ. ಅರ್ತ್ ವೈರ್ ಜಂಕ್ಷನ್ ಬಾಕ್ಸಿನಲ್ಲಿ ಬರೀ ತಿರುಚಿ ಬಿಟ್ಟಿದ್ದರು, ಅದು ಕಳಚಿಕೊಂಡಿತ್ತು. ಅಮ್ಮನ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು. ಮಣಿಕಟ್ಟು ಮುರಿಯಿತು, ಜೀವ ಉಳಿಯಿತು. ಆ ಚಪ್ಪಲಿ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಇವತ್ತಿಗೂ ಯೋಚನೆ ಬರುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಶಿವಮೊಗ್ಗದಿಂದ ಬೇರೆಯವರನ್ನು ಕರೆಸಿದೆ. ಎರಡು ದಿನ ಕೂತು ಹುಡುಕಿದರು. ಆರ್‌ಸಿಸಿಬಿ ಸರಿಯಾಗಿಯೇ ಇತ್ತು. ತಪ್ಪು ನ್ಯೂಟ್ರಲ್‌ನಲ್ಲಿ, ಅಂದರೆ ಕರೆಂಟ್ ವಾಪಸ್ ಹೋಗುವ ವೈರಿನಲ್ಲಿ, ಅದೂ ಎರಡು ಕಡೆ.

ಮೊದಲನೆಯದು ಇನ್ವರ್ಟರ್. ನಿಮ್ಮಲ್ಲೂ ಇದೇ ಇರಬೇಕು ಅಂತ ನನ್ನ ಅನುಮಾನ, ಯಾಕೆಂದರೆ ನೀವು ಹಾಕಿದ ಡಿಬಿ (ಎಂಸಿಬಿಗಳಿರುವ ಪೆಟ್ಟಿಗೆ) ಫೋಟೋದಲ್ಲಿ ನ್ಯೂಟ್ರಲ್ ಲಿಂಕ್, ಅಂದರೆ ನ್ಯೂಟ್ರಲ್ ವೈರುಗಳೆಲ್ಲ ಸೇರುವ ಪಟ್ಟಿ, ಒಂದೇ ಕಾಣುತ್ತಿದೆ. ಫೇಸ್‌ನಲ್ಲಿ, ಅಂದರೆ ಕರೆಂಟ್ ಬರುವ ವೈರಿನಲ್ಲಿ ಎಷ್ಟು ಹೋಯಿತು, ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತಾ ಅಂತ ಮಾತ್ರ ಆರ್‌ಸಿಸಿಬಿ ನೋಡುತ್ತದೆ. 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಬೀಳಲೇಬೇಕು, 15 ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು. ನಮ್ಮಲ್ಲಿ ಇನ್ವರ್ಟರ್‌ಗೆ ಹೋಗುವ ಫೇಸ್ ಆರ್‌ಸಿಸಿಬಿಗಿಂತ ಮುಂಚೆಯೇ ತೆಗೆದಿದ್ದರು. ಇನ್ವರ್ಟರ್ ಲೈಟುಗಳ ನ್ಯೂಟ್ರಲ್ ಮಾತ್ರ ಎಲ್ಲದರ ಜೊತೆ ಒಂದೇ ಲಿಂಕಿಗೆ ಬಂದು, ಆರ್‌ಸಿಸಿಬಿ ಒಳಗಿಂದ ವಾಪಸ್ ಹೋಗುತ್ತಿತ್ತು. ಹೋಗಿದ್ದು ಒಂದು ದಾರಿ, ಬಂದಿದ್ದು ಇನ್ನೊಂದು ದಾರಿ. ಬೀಳದೆ ಇನ್ನೇನು ಮಾಡುತ್ತದೆ?

ಎರಡನೆಯದು ಪೋರ್ಟಿಕೋದ ಸ್ವಿಚ್ ಬೋರ್ಡ್. ಮೆಟಲ್ ಬಾಕ್ಸಿನ ಸ್ಕ್ರೂ ಬಿಗಿ ಮಾಡುವಾಗ ನ್ಯೂಟ್ರಲ್ ವೈರ್ ಸಿಕ್ಕಿಕೊಂಡು ಸಿಪ್ಪೆ ಹೋಗಿ ಬಾಕ್ಸಿಗೆ, ಅಂದರೆ ಅರ್ತಿಗೆ ತಾಗುತ್ತಿತ್ತು. ಇದು ಮಹಾ ಮೋಸದ ಫಾಲ್ಟ್. ಆ ಸರ್ಕ್ಯೂಟಿನ ಎಂಸಿಬಿ ಆಫ್ ಮಾಡಿದರೂ ಟ್ರಿಪ್ ನಿಲ್ಲುವುದಿಲ್ಲ. ಸಿಂಗಲ್ ಪೋಲ್ ಎಂಸಿಬಿ ಫೇಸ್ ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಹಾಗೇ ಇರುತ್ತದೆ ಅಲ್ವಾ? ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದರೆ ಅದರ ಕರೆಂಟಿನಲ್ಲಿ ಸ್ವಲ್ಪ ಪೋರ್ಟಿಕೋ ಮೂಲಕ ಭೂಮಿಗೆ ಹೋಗುತ್ತದೆ. ನೀವು ಮಿಕ್ಸಿ ಕೆಟ್ಟಿದೆ ಅಂದುಕೊಂಡು ರಿಪೇರಿಗೆ ಕೊಡುತ್ತೀರಿ.

ಹುಡುಕುವುದು ಹೀಗೆ. ಮೇನ್ ಆಫ್. ಮೇನ್ ಆಫ್ ಮಾಡಿದ ಕೂಡಲೇ ಇನ್ವರ್ಟರ್ ಶುರುವಾಗಿ ಲೈಟ್ ಲೈನಿಗೆ ಕರೆಂಟ್ ಕೊಡುತ್ತದೆ, ಆದ್ದರಿಂದ ಅದನ್ನೂ ಆಫ್ ಮಾಡಿ ಔಟ್‌ಪುಟ್ ಬಿಚ್ಚಿ. ಇದನ್ನು ಮರೆಯುವವರು ತುಂಬಾ ಜನ. ಲೈನ್ ಇದ್ದಾಗ ನ್ಯೂಟ್ರಲ್ ಬಿಚ್ಚುವುದಂತೂ ಬೇಡವೇ ಬೇಡ, ಬಿಚ್ಚಿದ ತುದಿಗೆ ಲೋಡ್ ಮೂಲಕ ಪೂರ್ತಿ ಫೇಸ್ ಬಂದು ನಿಂತಿರುತ್ತದೆ. ಟೆಸ್ಟರ್ ಹಿಡಿದು ಕರೆಂಟ್ ಇಲ್ಲ ಅಂತ ಖಚಿತ ಮಾಡಿಕೊಂಡ ಮೇಲೆ ಎಲ್ಲ ಪ್ಲಗ್ ಕಿತ್ತು, ಲಿಂಕಿನಿಂದ ನ್ಯೂಟ್ರಲ್‌ಗಳನ್ನು ಒಂದೊಂದಾಗಿ ಬಿಚ್ಚಿ ಮಲ್ಟಿಮೀಟರಿನಲ್ಲಿ ಅರ್ತಿಗೆ ಹಿಡಿಯಿರಿ. ಯಾವುದು ಬೀಪ್ ಅನ್ನುತ್ತದೋ ಆ ಲೈನಿನ ಬೋರ್ಡುಗಳನ್ನು ಬಿಚ್ಚುತ್ತಾ ಹೋಗಿ. ಈ ಕೆಲಸ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ, ನೀವು ಪಕ್ಕದಲ್ಲಿ ಕೂತು ಬರೆದುಕೊಳ್ಳಿ. ಇನ್ವರ್ಟರ್ ಲೈನುಗಳ ನ್ಯೂಟ್ರಲ್‌ಗೆ ಡಿಬಿಯಲ್ಲಿ ಬೇರೆ ಲಿಂಕ್ ಹಾಕಿಸಿ. ಇನ್ವರ್ಟರ್‌ಗೆ ಹೋಗುವ ಫೇಸ್ ಯಾವ ಆರ್‌ಸಿಸಿಬಿಯಿಂದ ಹೊರಟಿದೆಯೋ, ಆ ಲೈನಿನ ನ್ಯೂಟ್ರಲ್ ಅದಕ್ಕೇ ವಾಪಸ್ ಬರಬೇಕು.

ಇನ್ನೊಂದು, ಮೆಟ್ಟಿಲ ಲೈಟ್. ಟೂ ವೇ ಸ್ವಿಚ್ ಇರುವ ಕಡೆ ಫೇಸ್ ಕೆಳಗಿನ ಸರ್ಕ್ಯೂಟಿನಿಂದ, ನ್ಯೂಟ್ರಲ್ ಹತ್ತಿರ ಸಿಕ್ಕಿತು ಅಂತ ಮೇಲಿನ ರೂಮಿನಿಂದ. ಇದು ಎಲ್ಲರೂ ಮಾಡುವ ತಪ್ಪು. ನಮ್ಮಲ್ಲೂ ಇತ್ತು. ಸರಿ ಮಾಡಲು ಪೈಪಿನಲ್ಲಿ ಜಾಗ ಇರಲಿಲ್ಲ, ಪೇಂಟ್ ಆದ ಗೋಡೆಯನ್ನೇ ಮತ್ತೆ ಕೊರೆಸಬೇಕಾಯಿತು. ನಿಮ್ಮ ಮೇಲಿನ ಕೆಲಸ ಅರ್ಧ ಬಾಕಿ ಇದೆಯಲ್ಲ, ಈಗಲೇ ನೋಡಿಕೊಳ್ಳಿ.

"ಅರ್ತಿಂಗ್ ಚೆನ್ನಾಗಿದೆ, ಫೇಸ್ ಮತ್ತು ಅರ್ತ್ ನಡುವೆ ಹಾಕಿದರೆ 100 ವ್ಯಾಟ್ ಬಲ್ಬ್ ಫುಲ್ ಉರಿಯುತ್ತದೆ" ಅಂದಿದ್ದೀರಿ. ಅದರಿಂದ ಏನೂ ಗೊತ್ತಾಗುವುದಿಲ್ಲ ಸರ್. ಉರಿಯುವಾಗ ಆ ಬಲ್ಬಿನ ರೆಸಿಸ್ಟೆನ್ಸ್ 500 ಓಮ್ ಮೇಲಿರುತ್ತದೆ. ಅರ್ತ್ 30 ಓಮ್ ಇದ್ದರೂ ಬಲ್ಬ್ ಚೆನ್ನಾಗಿಯೇ ಉರಿಯುತ್ತದೆ. ಈಗ ಲೆಕ್ಕ ಹಾಕಿ. ನಿಮ್ಮ ಅರ್ತ್ ಗುಂಡಿ 10 ಓಮ್ ಬಂತು ಅಂತಲೇ ಇಟ್ಟುಕೊಳ್ಳೋಣ. ಗೀಸರ್ ಬಾಡಿಗೆ ಫೇಸ್ ತಾಗಿದರೆ 230 ಭಾಗ 10, ಅಂದರೆ 23 ಆಂಪಿಯರ್ ಹರಿಯುತ್ತದೆ. 16 ಆಂಪಿಯರ್‌ನ ಸಿ ಕರ್ವ್ ಅನ್ನುವ ಬಗೆಯ ಎಂಸಿಬಿ ಥಟ್ಟನೆ ಬೀಳಬೇಕಾದರೆ ಐದರಿಂದ ಹತ್ತು ಪಟ್ಟು, ಅಂದರೆ 80ರಿಂದ 160 ಆಂಪಿಯರ್ ಬೇಕು. ಬಿಸಿಯಾಗಿ ಬೀಳುವ ತನಕ ನಿಮಿಷಗಟ್ಟಲೆ ಬಾಡಿಯಲ್ಲಿ ಕರೆಂಟ್ ಇರುತ್ತದೆ. ಆರ್‌ಸಿಸಿಬಿ ಇದ್ದರೆ ಕಣ್ಣು ಮಿಟುಕಿಸುವುದರೊಳಗೆ ಕಡಿದು ಹಾಕುತ್ತದೆ. ಅದಕ್ಕೇ ಅರ್ತ್ ಇದೆ ಅಂತ ಆರ್‌ಸಿಸಿಬಿ ಬಿಡುವ ಹಾಗಿಲ್ಲ. ಆರ್‌ಸಿಸಿಬಿ ಇದೆ ಅಂತ ಅರ್ತ್ ಬಿಡುವ ಹಾಗೂ ಇಲ್ಲ. ಓವರ್‌ಲೋಡ್ ನೋಡಿಕೊಳ್ಳುವುದು ಎಂಸಿಬಿ, ಆ ಕೆಲಸ ಆರ್‌ಸಿಸಿಬಿಗೆ ಬರುವುದಿಲ್ಲ. ಮೂರೂ ಬೇಕು.

ಕಾಮೆಂಟಿನಲ್ಲಿ ಒಬ್ಬರು ಸಾಕೆಟ್‌ನಲ್ಲೇ ನ್ಯೂಟ್ರಲ್‌ನಿಂದ ಅರ್ತ್ ಪಿನ್ನಿಗೆ ಲೂಪ್ ಹಾಕಿ ಅಂದಿದ್ದಾರೆ. ದಯವಿಟ್ಟು ಅಂಥದ್ದನ್ನು ಯಾರಿಗೂ ಹೇಳಬೇಡಿ. ಕಂಬದಿಂದ ಬರುವ ನ್ಯೂಟ್ರಲ್ ಎಲ್ಲಾದರೂ ಕಡಿದರೆ ಫ್ರಿಜ್ಜಿನಿಂದ ವಾಷಿಂಗ್ ಮೆಷಿನ್ ತನಕ ಮನೆಯ ಎಲ್ಲ ಮೆಷಿನ್‌ಗಳ ಬಾಡಿಗೂ ಫೇಸ್ ಬರುತ್ತದೆ. ಗಾಳಿಮಳೆಯಲ್ಲಿ ಮಲೆನಾಡಿನಲ್ಲಿ ನ್ಯೂಟ್ರಲ್ ಕಡಿಯುವುದು ದೊಡ್ಡ ವಿಷಯವೇ ಅಲ್ಲ.

ಅರ್ತ್ ಗುಂಡಿಗೆ ಎರಡೂವರೆ ಮೀಟರ್ ಉದ್ದದ 40 ಎಂಎಂ ಜಿಐ ಪೈಪ್, ಸುತ್ತ ಇದ್ದಿಲು ಉಪ್ಪು ಹಾಕಿದರೆ ಸಾಕು. ಬಟ್ಟೆ ಒಗೆಯುವ ಕಲ್ಲಿನ ನೀರು ಹರಿಯುವ ಕಡೆ ತೆಗೆಸಿ, ಬೇಸಿಗೆಯಲ್ಲಿ ಒಣಗುವುದಿಲ್ಲ. ಅರ್ತ್ ವೈರ್ ಮಾತ್ರ ಎಲ್ಲೂ ತಿರುಚಿ ಬಿಡಬೇಡಿ, ಕನೆಕ್ಟರ್ ಹಾಕಿಸಿ. ನಮ್ಮ ಮನೆಯಲ್ಲಿ ಕೈಕೊಟ್ಟಿದ್ದು ಅದೇ.

ನಾನು ಈಗ ಯಾರಿಗೇ ಆದರೂ ಹೇಳುವ ಕ್ರಮ ಒಂದಿದೆ. 100 ಪುಟದ ಒಂದು ನೋಟ್‌ಬುಕ್ ಮತ್ತು ನಂಬರ್ ಫೆರೂಲ್ (ವೈರಿಗೆ ಹಾಕುವ, ನಂಬರ್ ಇರುವ ಚಿಕ್ಕ ಕೊಳವೆ). ಪ್ರತಿ ಸರ್ಕ್ಯೂಟಿಗೂ ಒಂದು ನಂಬರ್. ಅದರ ಫೇಸ್, ನ್ಯೂಟ್ರಲ್, ಅರ್ತ್ ಮೂರಕ್ಕೂ ಎರಡೂ ತುದಿಯಲ್ಲಿ ಅದೇ ನಂಬರಿನ ಫೆರೂಲ್. ನೋಟ್‌ಬುಕ್ಕಿನಲ್ಲಿ ಒಂದು ಪುಟಕ್ಕೆ ಒಂದೇ ಸರ್ಕ್ಯೂಟ್, ಎಂಸಿಬಿ ಎಷ್ಟು, ವೈರ್ ಎಷ್ಟು, ಯಾವ ಯಾವ ಬೋರ್ಡ್. ಗೋಡೆ ಮುಚ್ಚುವ ಮುಂಚೆ ಟೇಪ್ ಹಿಡಿದು ಪ್ರತಿ ಗೋಡೆಯದೂ ಫೋಟೋ, ಮೂಲೆಯಿಂದ ಎಷ್ಟು ಅಡಿ, ನೆಲದಿಂದ ಎಷ್ಟು ಅಡಿ ಕಾಣುವ ಹಾಗೆ. ಎಲೆಕ್ಟ್ರಿಷಿಯನ್‌ಗಳಿಗೆ ಇದು ಇಷ್ಟ ಆಗುವುದಿಲ್ಲ, ಟೈಮ್ ವೇಸ್ಟ್ ಅನ್ನುತ್ತಾರೆ. ಪಾಯಿಂಟ್ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವವರಿಗೆ ಅದು ಸಹಜ. ಮೊದಲೇ ಮಾತಾಡಿ ಸ್ವಲ್ಪ ಜಾಸ್ತಿ ಕೊಡಿ. ನಮ್ಮ ತಮ್ಮನ ಮನೆಯಲ್ಲಿ ಹೀಗೇ ಮಾಡಿಸಿದ ಮೇಲೆ, ಕಿಟಕಿ ಪರದೆಯ ರಾಡ್‌ಗೆ ಡ್ರಿಲ್ ಹಾಕುವ ಮುಂಚೆ ಫೋಟೋ ನೋಡಿ ಪೈಪ್ ಅಲ್ಲೇ ಇದೆ ಅಂತ ಗೊತ್ತಾಯಿತು.

ಹಳೇ ಪೈಪಿನಲ್ಲೇ ಎಳೆಸುತ್ತಿದ್ದೀರಿ. ವೈರ್ ಎಳೆಯುವ ಸ್ಪ್ರಿಂಗ್ ಸಲೀಸಾಗಿ ಹೋದರೆ ಸರಿ. ಸಿಕ್ಕಿಕೊಂಡ ಕಡೆ ಜೋರಾಗಿ ಎಳೆಸಬೇಡಿ, ಒಳಗೆ ವೈರಿನ ಸಿಪ್ಪೆ ಸುಲಿದು ಹೋಗುತ್ತದೆ. ಅಂಥ ಕಡೆ ಹೊಸ 25 ಎಂಎಂ ಪೈಪ್ ಹಾಕಿಸಿ. ಗೋಡೆಯನ್ನು ಮೆಷಿನ್‌ನಲ್ಲಿ ಕಟ್ ಮಾಡಿಸಿ, ನಾಲ್ಕೂವರೆ ಇಂಚಿನ ಗೋಡೆಗೆ ಅಡ್ಡಡ್ಡ ಉದ್ದಕ್ಕೆ ಕೊರೆಯಬೇಡಿ, ಬೀಮ್ ಮುಟ್ಟಲೇಬೇಡಿ. ಮಣ್ಣಿನ ಗೋಡೆ, ಕೆಂಪು ಕಲ್ಲಿನ ಗೋಡೆ ಇರುವವರು ಕೊರೆಯುವ ಆಸೆ ಬಿಟ್ಟು ಹೊರಗಿಂದಲೇ ಪೈಪ್ ಓಡಿಸಿ. ಅಟ್ಟದಲ್ಲಿ ವೈರ್ ಬರೀ ಮೈಯಲ್ಲಿ ಬಿಡಬೇಡಿ, ಇಲಿ ಬಿಡುವುದಿಲ್ಲ.

ವೈರ್ ಸೈಜ್ ಬಗ್ಗೆ ಕೇಳಿದ್ದೀರಿ. ಲೈಟಿಗೆ 1.5 ಚದರ ಎಂಎಂ, 16 ಆಂಪಿಯರ್ ಸಾಕೆಟ್ಟಿಗೆ 2.5, ಎಸಿಗೆ 4. ಇಂಡಕ್ಷನ್ ಒಲೆ ಇರುವ ಸಾಕೆಟ್ಟಿಗೂ ನಾನು 4 ಹಾಕಿಸುತ್ತೇನೆ. ಗೀಸರ್‌ಗೆ ಬೇರೆ ಲೈನ್, ಇಂಡಕ್ಷನ್‌ಗೆ ಬೇರೆ ಲೈನ್. ಗೇಟಿನ ಹತ್ತಿರ ಒಂದು 16ರ ಸಾಕೆಟ್ ಈಗಲೇ ಕೊಡಿಸಿ, ಇವತ್ತಲ್ಲ ನಾಳೆ ಎಲೆಕ್ಟ್ರಿಕ್ ಸ್ಕೂಟರ್ ಬರುತ್ತದೆ. ಮೀಟರಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಅಂತ ಬಿಲ್ ನೋಡಿ. ಹಳೇ ಮನೆಗಳಲ್ಲಿ ಒಂದೋ ಎರಡೋ ಕಿಲೋವ್ಯಾಟ್ ಇರುತ್ತದೆ, ಗೀಸರ್ ಒಂದೇ ಎರಡು ಕಿಲೋವ್ಯಾಟ್ ತಿನ್ನುತ್ತದೆ. ನಿಮ್ಮದು ಸೆಸ್ಕ್ (ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ) ವ್ಯಾಪ್ತಿ, ಲೈಸೆನ್ಸ್ ಇರುವ ಕಂಟ್ರಾಕ್ಟರ್ ಮೂಲಕ ಲೋಡ್ ಜಾಸ್ತಿ ಮಾಡಿಸಿ.

ಬ್ರ್ಯಾಂಡ್ ಬಗ್ಗೆ ಜಗಳ ಬೇಡ. ವೈರ್ ಫಿನೋಲೆಕ್ಸ್, ಪಾಲಿಕ್ಯಾಬ್, ಹ್ಯಾವೆಲ್ಸ್ ಯಾವುದಾದರೂ ಸರಿ. ನನಗೆ ಫಿನೋಲೆಕ್ಸ್ ಮೇಲೆ ಪ್ರೀತಿ ಜಾಸ್ತಿ. ಆದರೆ ವೈರ್ ನೀವೇ ಹೋಗಿ ತನ್ನಿ. 90 ಮೀಟರ್ ಕಾಯಿಲ್ ಸೀಲ್ ಒಡೆಯದೆ ಇರಬೇಕು, ಐಎಸ್‌ಐ ಗುರುತು ವೈರಿನ ಮೇಲೇ ಪ್ರಿಂಟ್ ಇರಬೇಕು. ಎಂಸಿಬಿ, ಆರ್‌ಸಿಸಿಬಿಗೆ ನಾನು ಲೆಗ್ರಾಂಡ್ ಹಾಕಿದ್ದೇನೆ. ಎಲ್ ಅಂಡ್ ಟಿ ಹುಡುಕುವವರಿಗೆ ಒಂದು ಮಾತು, ಆ ಸ್ವಿಚ್‌ಗೇರ್ ಈಗ ಲಾರಿಟ್ಜ್ ನಡ್ಸನ್ (Lauritz Knudsen) ಹೆಸರಿನಲ್ಲಿ ಬರುತ್ತದೆ, ಡೂಪ್ಲಿಕೇಟ್ ಅಂತ ವಾಪಸ್ ಕೊಡಬೇಡಿ. ಸ್ವಿಚ್ಚಿನ ಚಂದಕ್ಕೆ ಸಾವಿರಗಟ್ಟಲೆ ಸುರಿದು ಆರ್‌ಸಿಸಿಬಿಗೆ ಚೌಕಾಸಿ ಮಾಡುವವರನ್ನು ನೋಡಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಸ್ವಿಚ್ ಯಾವಾಗ ಬೇಕಾದರೂ ಬದಲಾಯಿಸಬಹುದು.

ಕೆಲಸ ಮುಗಿದ ಮೇಲೆ ಬಲ್ಬ್, ಫ್ಯಾನ್, ರೆಗ್ಯುಲೇಟರ್ ಹಾಕುವ ಮುಂಚೆ 500 ವೋಲ್ಟ್ ಮೆಗ್ಗರ್ (ವೈರಿನ ಇನ್ಸುಲೇಷನ್ ಅಳೆಯುವ ಮೀಟರ್) ಹಿಡಿಸಿ. ಕನಿಷ್ಠ ಒಂದು ಮೆಗಾ ಓಮ್ ಬರಬೇಕು, ಹೊಸ ವೈರಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ಬರುತ್ತದೆ. ಕಡಿಮೆ ಬಂದರೆ ದುಡ್ಡು ಪೂರ್ತಿ ಕೊಡಬೇಡಿ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಪ್ರತಿ ತಿಂಗಳು ಒತ್ತಿ, ನಮ್ಮಲ್ಲಿ ಅಮಾವಾಸ್ಯೆ ದಿನ ಒತ್ತುತ್ತೇವೆ, ಮರೆಯುವುದಿಲ್ಲ.

ಈಗ ಮೇನ್ ಮತ್ತು ಇನ್ವರ್ಟರ್ ಎರಡೂ ಆಫ್ ಮಾಡಿಸಿ, ಡಿಬಿ ಕವರ್ ತೆಗೆಸಿ ಹತ್ತಿರದಿಂದ ಇನ್ನೊಂದು ಫೋಟೋ ಹಾಕಿ. ಮೀಟರಿನಿಂದ ಮೇನ್ ಸ್ವಿಚ್ ತನಕದ ವೈರಿನಲ್ಲಿ ಆಗಲೂ ಕರೆಂಟ್ ಇರುತ್ತದೆ, ಆ ಕಡೆ ಕೈ ಹಾಕಬೇಡಿ. ಇನ್ವರ್ಟರ್‌ಗೆ ಫೇಸ್ ಎಲ್ಲಿಂದ ಹೋಗಿದೆ ಅಂತ ಬಾಣದ ಗುರುತು ಹಾಕಿ. ನಾನು ರಾತ್ರಿ ನೋಡಿ ಹೇಳುತ್ತೇನೆ.