ಎಣಿಕೆ ಇಳಿದ ಮೇಲೆ ನಿಲ್ಲಿಸಿದ ಔಷಧ: ಒಂದು ಆಪ್ತಸಲಹೆ ಪ್ರಕರಣ

(ವ್ಯಕ್ತಿಯ ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಲಾಗಿದೆ.)

ಅರವತ್ತು ದಾಟಿದ ಈ ಮಹಿಳೆಗೆ ಎಸೆನ್ಷಿಯಲ್ ಥ್ರಾಂಬೋಸೈಥೀಮಿಯಾ, ಅಂದರೆ ಮೂಳೆಮಜ್ಜೆಯು ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳಾದ ಪ್ಲೇಟ್‌ಲೆಟ್‌ಗಳನ್ನು ಅಗತ್ಯಕ್ಕಿಂತ ಹೆಚ್ಚು ತಯಾರಿಸುವ ಕಾಯಿಲೆ ಇತ್ತು. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸಾಮಾನ್ಯವಾಗಿ 1.5 ಲಕ್ಷದಿಂದ 4.5 ಲಕ್ಷದವರೆಗೆ ಇರಬೇಕಾದ ಪ್ಲೇಟ್‌ಲೆಟ್ ಅವರಲ್ಲಿ 9 ಲಕ್ಷ ದಾಟಿದ್ದರಿಂದ ರಕ್ತರೋಗ ತಜ್ಞರು ಹೈಡ್ರಾಕ್ಸಿಯೂರಿಯಾ ಕ್ಯಾಪ್ಸೂಲ್ ಬರೆದಿದ್ದರು. ಕೆಲವು ತಿಂಗಳಲ್ಲಿ ಎಣಿಕೆ 4 ಲಕ್ಷಕ್ಕೆ ಇಳಿಯಿತು. ಆ ವರದಿ ನೋಡಿದ ಮೇಲೆ ಅವರು ಯಾರಿಗೂ ಹೇಳದೆ ಔಷಧ ನಿಲ್ಲಿಸಿದರು. ಮುಂದಿನ ತಪಾಸಣೆಯ ಹೊತ್ತಿಗೆ ಅದು ಮತ್ತೆ ಏರಿತ್ತು.

ಅವರ ಮುಂದೆ ಕ್ಯಾನ್ಸರ್ ಎಂಬ ಮಾತು ಎತ್ತಬೇಡಿ ಎಂದು ಮಗ ಮೊದಲೇ ಕೇಳಿಕೊಂಡಿದ್ದರು. ನಾನಾಗಿ ಎತ್ತುವುದಿಲ್ಲ, ಆದರೆ ಅಮ್ಮನೇ ಕೇಳಿದರೆ ಸುಳ್ಳು ಹೇಳಲಾರೆ ಎಂದು ಅವರಿಗೆ ತಿಳಿಸಿ, ತಾಯಿಯೊಡನೆ ಪ್ರತ್ಯೇಕವಾಗಿ ಕುಳಿತೆ. ಅವರು ಎರಡೂ ಕೈ ಚಾಚಿ, ಉಗುರುಗಳ ಉದ್ದಕ್ಕೂ ಮೂಡಿದ್ದ ಕಪ್ಪು ಗೆರೆಗಳನ್ನು ತೋರಿಸಿದರು. "ಡಬ್ಬಿಯೊಳಗಿನ ಚೀಟಿಯಲ್ಲಿ ಕ್ಯಾನ್ಸರ್ ಅಂತ ಬರೆದಿದೆ. ಇದು ಮೈಯೆಲ್ಲ ಹಬ್ಬುತ್ತಿದೆ, ಮಕ್ಕಳು ನನ್ನಿಂದ ಮುಚ್ಚಿಡುತ್ತಿದ್ದಾರೆ ಅಲ್ಲವೇ?" ಎಂದರು. ಔಷಧ ಬಿಡಲು ಒಳ್ಳೆಯ ವರದಿ ಒಂದು ನೆಪವಷ್ಟೇ ಆಗಿತ್ತು. ನಿಜವಾದ ಕಾರಣ ಆ ಗೆರೆಗಳು.

ಉಗುರು ಮತ್ತು ಚರ್ಮ ಕಪ್ಪಾಗುವುದು ಈ ಔಷಧದ ಪರಿಚಿತ ಅಡ್ಡಪರಿಣಾಮವೇ ಹೊರತು ಕಾಯಿಲೆ ಹಬ್ಬಿದ ಲಕ್ಷಣವಲ್ಲ ಎಂದು ಮೊದಲು ಹೇಳಿದೆ. ಅವರ ಕಾಯಿಲೆಯನ್ನು ವೈದ್ಯಶಾಸ್ತ್ರವು ರಕ್ತದ ನಿಧಾನಗತಿಯ ಕ್ಯಾನ್ಸರ್‌ಗಳ ಗುಂಪಿನಲ್ಲಿ ಸೇರಿಸುತ್ತದೆ, ಆದರೆ ಚಿಕಿತ್ಸೆಯಲ್ಲಿರುವ ಬಹಳ ಮಂದಿ ದೀರ್ಘಕಾಲ ಬಾಳುತ್ತಾರೆ ಎಂಬುದನ್ನೂ ಮುಚ್ಚಿಡಲಿಲ್ಲ. ಹೈಡ್ರಾಕ್ಸಿಯೂರಿಯಾ ಜೀವಕೋಶಗಳಲ್ಲಿ ಡಿಎನ್‌ಎ ತಯಾರಿಕೆಗೆ ಬೇಕಾದ ಒಂದು ಕಿಣ್ವವನ್ನು ತಡೆದು ಮಜ್ಜೆಯ ವೇಗವನ್ನು ತಗ್ಗಿಸುತ್ತದೆ. ಕ್ಯಾನ್ಸರ್ ಅಲ್ಲದ ಸಿಕಲ್ ಸೆಲ್ ಕಾಯಿಲೆಗೂ ಇದನ್ನೇ ಕೊಡುತ್ತಾರೆ. ಅದು ಕಾಯಿಲೆಯನ್ನು ಬೇರುಸಹಿತ ಕೀಳುವುದಿಲ್ಲ, ಹತೋಟಿಯಲ್ಲಿಡುತ್ತದೆ. ಹಾಗಾಗಿ ವರದಿಯಲ್ಲಿ ಕಂಡ 4 ಲಕ್ಷ ಔಷಧ ಕೆಲಸ ಮಾಡುತ್ತಿದ್ದುದರ ಗುರುತು, ಅದು ಇನ್ನು ಬೇಡ ಎಂಬುದರ ಗುರುತಲ್ಲ. ಈ ವಯಸ್ಸಿನಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಅಥವಾ ಹೃದಯಾಘಾತ ಆಗುವ ಅಪಾಯ ಹೆಚ್ಚು, ಅದನ್ನು ತಡೆಯುವುದೇ ಚಿಕಿತ್ಸೆಯ ಉದ್ದೇಶ ಎಂದಾಗ ಅವರು ಸುಮ್ಮನೆ ತಲೆಯಾಡಿಸಿದರು.

ಮಾತಿನ ನಡುವೆ ಇನ್ನೊಂದು ಸಂಗತಿ ಹೊರಬಿತ್ತು, ನನಗೆ ನಿಜಕ್ಕೂ ಕಳವಳ ತಂದದ್ದು ಅದು. ಅತ್ತೆಗೆ ನುಂಗಲು ಕಷ್ಟವೆಂದು ಗರ್ಭಿಣಿಯಾದ ಸೊಸೆ ಕ್ಯಾಪ್ಸೂಲ್ ಬಿಡಿಸಿ ಪುಡಿಯನ್ನು ನೀರಿಗೆ ಕದಡಿ ಕೊಡುತ್ತಿದ್ದರು. ಈ ಔಷಧ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲದು. ಮನೆಯಲ್ಲಿ ಕ್ಯಾಪ್ಸೂಲನ್ನು ಒಡೆಯಬಾರದು, ಗರ್ಭಿಣಿಯರು ಅದನ್ನು ಮುಟ್ಟಲೇಬಾರದು, ಬೇರೆಯವರು ಕೈಗವಸು ಹಾಕಿಕೊಂಡು ತೆಗೆದುಕೊಟ್ಟು ಆಮೇಲೆ ಕೈ ತೊಳೆಯಬೇಕು ಎಂದು ಮೂವರನ್ನೂ ಕೂರಿಸಿಕೊಂಡು ವಿವರಿಸಿದೆ. ಈವರೆಗೆ ಮುಟ್ಟಿದ್ದನ್ನು ತಮ್ಮ ಪ್ರಸೂತಿ ವೈದ್ಯರಿಗೆ ತಪ್ಪದೆ ತಿಳಿಸುವಂತೆ ಸೊಸೆಗೆ ಹೇಳಿದೆ. ಅವರದು ಅಕ್ಕರೆಯ ಕೆಲಸ; ಯಾರೂ ಎಚ್ಚರಿಸದಿದ್ದಾಗ ಅವರನ್ನು ದೂರುವುದು ನ್ಯಾಯವಲ್ಲ ಎಂದೂ ಸೇರಿಸಿದೆ.

ಔಷಧವು ಪ್ಲೇಟ್‌ಲೆಟ್ ಜೊತೆಗೆ ಬಿಳಿ ರಕ್ತಕಣಗಳನ್ನೂ ತಗ್ಗಿಸುವುದರಿಂದ, ಜ್ವರ ಬಂದರೆ ಮನೆಮದ್ದಿಗೆ ಕಾಯದೆ ಕೂಡಲೇ ವೈದ್ಯರನ್ನು ಕಾಣಬೇಕು. ಬಾಯಿಹುಣ್ಣು, ಕಾಲಿನ ಮೇಲೆ ಮಾಯದ ಗಾಯ, ಕಾರಣವಿಲ್ಲದ ರಕ್ತಸ್ರಾವ ಕಂಡರೂ ಹೇಳಬೇಕು. ನಿಗದಿತ ರಕ್ತಪರೀಕ್ಷೆ ತಪ್ಪಿಸಬಾರದು, ಒಂದು ದಿನ ಮರೆತರೆ ಮರುದಿನ ಎರಡು ನುಂಗಬಾರದು, ಬಿಸಿಲಿನಲ್ಲಿ ಚರ್ಮ ಮುಚ್ಚಿಕೊಳ್ಳಬೇಕು, ಯಾವುದೇ ಲಸಿಕೆಗೆ ಮುಂಚೆ ತಜ್ಞರನ್ನು ಕೇಳಬೇಕು ಎಂದು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ನುಂಗುವ ತೊಂದರೆಗೆ ಏನು ಮಾಡಬೇಕು, ಎಷ್ಟು ಪ್ರಮಾಣದಿಂದ ಮತ್ತೆ ಆರಂಭಿಸಬೇಕು ಎಂಬುದನ್ನು ಅದೇ ದಿನ ತಜ್ಞರಿಗೆ ಒಪ್ಪಿಸಿದೆ. ಮನೆಯಲ್ಲಿ ಒಡೆದಿಟ್ಟಿದ್ದ ಕ್ಯಾಪ್ಸೂಲ್‌ಗಳನ್ನು ಕಸಕ್ಕೆ ಹಾಕದೆ, ಚೀಲದಲ್ಲಿ ಕಟ್ಟಿ ಆಸ್ಪತ್ರೆಯ ಔಷಧ ವಿಭಾಗಕ್ಕೆ ತಂದೊಪ್ಪಿಸಲು ಮಗ ಒಪ್ಪಿಕೊಂಡರು.